ರೆಜಾಂಗ್ ಲಾದ ಧರಂಪಾಲ್

ಬುಖಾರಿ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಮೊದಲು ಹೇಳಬೇಕು. ತಗಡಿನ ಒಂದು ಒಲೆ, ಅದರ ತಲೆಯಿಂದ ಸೂರು ತೂರಿಕೊಂಡು ಹೊರಗೆ ಹೋಗುವ ಹೊಗೆಕೊಳವೆ, ಪಕ್ಕದ ಡಬ್ಬಿಯಿಂದ ಹನಿಹನಿಯಾಗಿ ಇಳಿಯುವ ಸೀಮೆಎಣ್ಣೆ. ಲಡಾಖಿನ ಚಳಿಗಾಲದಲ್ಲಿ ಸಿಪಾಯಿಗಳ ಊಟ, ಊರಿನ ಕಾಗದ ಓದುವುದು, ಇಸ್ಪೀಟು, ಜಗಳ ಎಲ್ಲವೂ ನಡೆಯುವುದು ಅದರ ಸುತ್ತಲೇ. ಧರಂಪಾಲ್ ದಹಿಯಾ ಎಂಬ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಅಂಥದೊಂದು ಬುಖಾರಿಯ ಮುಂದೆ, ಎಂಬತ್ತರ ದಶಕದ ಕೊನೆಯಲ್ಲಿ. ಹೇಳಿದವರು ಹರಿಯಾಣದ ಒಬ್ಬ ಸುಬೇದಾರ್ ಸಾಹೇಬರು. ಕೇಳಿದವರು ನಾವು ಐದಾರು ಮಂದಿ ನರ್ಸಿಂಗ್ ಅಸಿಸ್ಟೆಂಟ್‌ಗಳು, ಲಖನೌದ ಆರ್ಮಿ ಮೆಡಿಕಲ್ ಕೋರ್ ಸೆಂಟರಿನಲ್ಲಿ ತರಬೇತಿ ಮುಗಿಸಿ ಬಂದ ಹುಡುಗರು. ಅವರಲ್ಲಿ ಕನ್ನಡದವನು ನಾನೊಬ್ಬನೇ. ಅಂದು ಕೇಳಿದ್ದನ್ನು, ಆಮೇಲೆ ಓದಿ ತಿಳಿದುಕೊಂಡದ್ದನ್ನು ಕೂಡಿಸಿ ಈಗ ನಿಮಗೆ ಹೇಳುತ್ತೇನೆ.

ನರ್ಸಿಂಗ್ ಅಸಿಸ್ಟೆಂಟ್ ಅಂದರೆ ನಮ್ಮೂರಿನವರ ಬಾಯಲ್ಲಿ ‘ಮಿಲಿಟ್ರಿ ಕಂಪೌಂಡರ್’. ಪಲ್ಟನ್ನಿಗೆ ಒಬ್ಬ ಡಾಕ್ಟರು ಇರುತ್ತಾರೆ, ಅವರು ಸಾಮಾನ್ಯವಾಗಿ ಹೆಡ್‌ಕ್ವಾರ್ಟರ್ ಬಳಿಯ ಆರೋಗ್ಯ ಠಾಣೆಯಲ್ಲಿ. ಮುಂದಿನ ಬೆಟ್ಟದ ಮೇಲೆ ಕೂತ ಕಂಪನಿಯ ಜೊತೆ ಹೋಗುವವನು ಕಂಪೌಂಡರ್. ನೂರಕ್ಕೂ ಹೆಚ್ಚು ಜನರಿಗೆ ಅವನೊಬ್ಬ. ಬೂಟು ಕಚ್ಚಿದ ಹಿಮ್ಮಡಿಯಿಂದ ಹಿಡಿದು ಎದೆ ಸೀಳಿದ ಗುಂಡಿನವರೆಗೆ ಅವನದೇ ಪಾಡು. ಬೇರೆ ದಿನಗಳಲ್ಲಿ ಅವನನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಗುಂಡು ಹಾರತೊಡಗಿದ ಮೇಲೆ ಎಲ್ಲರ ಬಾಯಲ್ಲೂ ಅವನದೇ ಹೆಸರು.

1962ರ ಅಕ್ಟೋಬರ್. 13ನೇ ಕುಮಾಊಂ ಪಲ್ಟನ್ ಕಾಶ್ಮೀರದಿಂದ ಲಡಾಖಿಗೆ ಏರಿತು. ಚೀನೀ ಪಡೆಯಿಂದ ಚುಶೂಲ್ ಕಣಿವೆಯನ್ನು ಉಳಿಸಿಕೊಳ್ಳಬೇಕಾಗಿತ್ತು. ಅಲ್ಲೊಂದು ವಿಮಾನ ಇಳಿದಾಣವಿತ್ತು, ಅದು ಕೈತಪ್ಪಿದರೆ ಲೇಹ್ ಕಡೆಗಿನ ದಾರಿಗೇ ಕುತ್ತು. ಕಣಿವೆಯ ಆಗ್ನೇಯಕ್ಕೆ ರೆಜಾಂಗ್ ಲಾ, ಸುಮಾರು 16,000 ಅಡಿ ಎತ್ತರದ ಕಣಿವೆದಾರಿ. ಅದನ್ನು ಕಾಯಲು ಹೋದದ್ದು ಮೇಜರ್ ಶೈತಾನ್ ಸಿಂಗ್ ಅವರ ಚಾರ್ಲಿ ಕಂಪನಿ, ಸುಮಾರು 120 ಜನ. ಹೆಚ್ಚಿನವರು ರೇವಾಡಿ, ಗುಡಗಾಂವ್, ಮಹೇಂದ್ರಗಢ ಕಡೆಯ ಅಹೀರರು. ಬೇಸಿಗೆಯಲ್ಲಿ ನಮ್ಮ ರಾಯಚೂರಿನಂತೆಯೇ ಸುಡುವ ಬಯಲು ಅದು. ಆ ಬಯಲಿನ ರೈತರ ಮಕ್ಕಳು ಹಿಮವನ್ನು ಮೊದಲ ಬಾರಿಗೆ ಕಂಡದ್ದೇ ಪಲ್ಟನ್ನಿಗೆ ಸೇರಿದ ಮೇಲೆ. ಅವರ ಕೈಯಲ್ಲಿದ್ದದ್ದು ಒಂದೊಂದು ಗುಂಡಿಗೂ ಬೋಲ್ಟ್ ಎಳೆಯಬೇಕಾದ ಹಳೆಯ .303 ರೈಫಲು. ಮೈಮೇಲೆ ಅಂಥ ಚಳಿಗೆ ಎಲ್ಲಿಯೂ ಸಾಲದ ಬಟ್ಟೆ. ನೆಲದಲ್ಲಿ ಹುಗಿಯಲು ಮೈನುಗಳಿರಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದು: ನಮ್ಮ ಫಿರಂಗಿಗಳಿಗೂ ರೆಜಾಂಗ್ ಲಾಗೂ ನಡುವೆ ಬೆಟ್ಟದ ಏಣು ಅಡ್ಡ ಬರುತ್ತಿತ್ತು. ಹಾಗಾಗಿ ಹಿಂದಿನಿಂದ ಒಂದು ಗುಂಡಿನ ಆಸರೆಯೂ ಅವರಿಗೆ ಸಿಗುವಂತಿರಲಿಲ್ಲ. ಇದೆಲ್ಲ ಮೇಜರ್ ಸಾಹೇಬರಿಗೂ ಗೊತ್ತಿತ್ತು, ಜವಾನರಿಗೂ ಗೊತ್ತಿತ್ತು.

ಇಲ್ಲೊಂದು ಮಾತು ಸೇರಿಸುತ್ತೇನೆ, ಯಾಕೆಂದರೆ ಆ ರಾತ್ರಿ ಸುಬೇದಾರ್ ಸಾಹೇಬರೂ ನನ್ನ ಕಡೆ ತಿರುಗಿ ಇದನ್ನು ಹೇಳಿದ್ದರು. ನಮ್ಮ ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರು ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ನಡೆಸಿದ್ದು 19ನೇ ಹೈದರಾಬಾದ್ ರೆಜಿಮೆಂಟಿನ ಎಂಟನೇ ಪಲ್ಟನ್ನನ್ನು. ಆ ರೆಜಿಮೆಂಟೇ 1945ರಲ್ಲಿ ಕುಮಾಊಂ ರೆಜಿಮೆಂಟ್ ಆಯಿತು. 1948ರ ನವೆಂಬರ್ 1ರಂದು ಜೋಜಿ ಲಾ ಮೇಲೆ ಟ್ಯಾಂಕು ಹತ್ತಿಸಿ ಲಡಾಖಿನ ದಾರಿ ತೆರೆಸಿದವರೂ ಅವರೇ. “ನಿಮ್ಮ ತಿಮ್ಮಯ್ಯ ಸಾಹೇಬ್ ಲಡಾಖನ್ನು ಉಳಿಸಿಕೊಟ್ಟರು, ನಮ್ಮ ಅಹೀರ್ ಹುಡುಗರು ಅದನ್ನು ಕಾದರು” ಅಂದಿದ್ದರು ಸುಬೇದಾರರು. 1961ರಲ್ಲಿ ತಿಮ್ಮಯ್ಯನವರು ಸೇನಾ ಮುಖ್ಯಸ್ಥರ ಹುದ್ದೆಯಿಂದ ನಿವೃತ್ತರಾದರು. ಮರುವರ್ಷವೇ ಯುದ್ಧ ಬಂತು.

ಚಾರ್ಲಿ ಕಂಪನಿಯ ಕಂಪೌಂಡರ್ ಧರಂಪಾಲ್. ಕುಮಾಊಂ ಟೋಪಿಯವನಲ್ಲ, ನಮ್ಮ ಮೆಡಿಕಲ್ ಕೋರಿನವನು, ಕಂಪನಿಗೆ ಜೋಡಿಸಿ ಕಳಿಸಿದವನು. ಈ ಮಾತಿಗೆ ಎಷ್ಟು ಭಾರವಿದೆ ಅನ್ನುವುದು ಫೌಜಿನಲ್ಲಿ ಇದ್ದವರಿಗೆ ಮಾತ್ರ ಗೊತ್ತಾಗುತ್ತದೆ. ಆ ಕಂಪನಿಯಲ್ಲಿ ಒಂದೇ ಊರಿನವರು ಇದ್ದರು, ಅಣ್ಣತಮ್ಮಂದಿರು ಇದ್ದರು, ಹೆಣ್ಣು ಕೊಟ್ಟು ತಂದ ನೆಂಟರು ಇದ್ದರು. ಪಕ್ಕದ ಮೋರ್ಚೆಯಲ್ಲಿ ನಿಂತವನು ಓಡಿದರೆ ಊರಿನ ಕಟ್ಟೆಯ ಮೇಲೆ ತಲೆ ಎತ್ತಲಾಗದು ಎಂಬ ಹಂಗು ಒಬ್ಬರನ್ನೊಬ್ಬರು ಹಿಡಿದು ನಿಲ್ಲಿಸುತ್ತದೆ. ನಾನು ಅದನ್ನು ಕೀಳಾಗಿ ಹೇಳುತ್ತಿಲ್ಲ. ಪಲ್ಟನ್ನು ಕಟ್ಟುವುದೇ ಅದರ ಮೇಲೆ. ಆದರೆ ದಹಿಯಾ ಎಂಬ ಹೆಸರೇ ಹೇಳುವ ಹಾಗೆ ಧರಂಪಾಲ್ ಜಾಟರವನು. ಆ ನೆಂಟಸ್ತಿಕೆಯ ಹಂಗು ಅವನಿಗಿರಲಿಲ್ಲ. ಅವನನ್ನು ಆ ಬೆಟ್ಟಕ್ಕೆ ಕಟ್ಟಿಹಾಕಿದ್ದು ಹೆಗಲಿನ ಚೀಲವೊಂದೇ.

ಆ ಚೀಲದ ವಿಷಯ ಬಂದಾಗ ಸುಬೇದಾರರು ಕಥೆ ನಿಲ್ಲಿಸಿ ನಮಗೆ ಪಾಠವನ್ನೇ ಶುರುಮಾಡಿದರು. “ಅಲ್ಲಿ ಸೂಜಿ ಹೇಗೆ ಕುದಿಸಿದ್ದಾನು, ಹೇಳಿ ನೋಡೋಣ” ಅಂದರು. ಆಗಿನದು ಗಾಜಿನ ಸಿರಿಂಜು. ಕುದಿಸಿ ಕುದಿಸಿ ಮತ್ತೆ ಬಳಸಬೇಕು. 16,000 ಅಡಿಯಲ್ಲಿ ನೀರು ಸುಮಾರು 84 ಡಿಗ್ರಿಗೇ ಕುದಿಯುತ್ತದೆ. ಅಲ್ಲಿ ಬೇಳೆಯೇ ಬೇಯುವುದಿಲ್ಲ, ಇನ್ನು ಸೂಜಿ ಶುದ್ಧವಾಗಲು ಎಷ್ಟು ಹೊತ್ತು ಬೇಕು! ಆ ನೀರಿಗಾಗಿ ಮೊದಲು ಹಿಮ ಕರಗಿಸಬೇಕು, ಹಿಮ ಕರಗಿಸಲು ಎಣ್ಣೆ ಬೇಕು, ಎಣ್ಣೆಯೋ ಅಳೆದು ಕೊಟ್ಟದ್ದು. ಔಷಧದ ಗಾಜಿನ ಸೀಸೆ ಹೆಪ್ಪುಗಟ್ಟಿ ಒಡೆಯುತ್ತದೆ. ಅದಕ್ಕೇ ಅದನ್ನು ಅಂಗಿಯ ಒಳಗೆ, ಬಗಲಿನ ಸಂದಿಯಲ್ಲಿ ಇಟ್ಟುಕೊಂಡು ಮಲಗಬೇಕು. ನಾವೆಲ್ಲ ಹಾಗೇ ಮಲಗಿದವರು. ಬರಿಗೈಯಲ್ಲಿ ಕತ್ತರಿ ಮುಟ್ಟಿದರೆ ಚರ್ಮ ಅದಕ್ಕೆ ಅಂಟಿಕೊಳ್ಳುತ್ತದೆ. ಕೈಗವಸು ಹಾಕಿಕೊಂಡರೆ ಸೀಸೆಯ ಕತ್ತು ಮುರಿಯಲು ಬರುವುದಿಲ್ಲ, ಗಂಟು ಕಟ್ಟಲು ಬರುವುದಿಲ್ಲ. ಹಾಗಾಗಿ ಪ್ರತಿ ಗಾಯಾಳುವಿಗೂ ಒಮ್ಮೆ ಗವಸು ಬಿಚ್ಚಬೇಕು. ನಾಲ್ಕೈದು ಸಲ ಬಿಚ್ಚಿದ ಮೇಲೆ ಬೆರಳ ತುದಿ ಇದೆಯೋ ಇಲ್ಲವೋ ತಿಳಿಯದು. ಕಣ್ಣಿಂದ ನೋಡಿಕೊಂಡೇ ಕೆಲಸ ಮಾಡಬೇಕು.

ಮಾರ್ಫಿಯಾದ್ದು ಇನ್ನೂ ಸೂಕ್ಷ್ಮ. ರಕ್ತ ಹೋಗಿ, ಚಳಿ ಹಿಡಿದವನ ಕೈಕಾಲಿಗೆ ರಕ್ತ ಓಡುವುದೇ ಕಡಿಮೆ. ತೊಡೆಗೆ ಚುಚ್ಚಿದ ಔಷಧ ಅಲ್ಲೇ ನಿಂತುಬಿಡುತ್ತದೆ, ನೋವು ಇಳಿಯುವುದಿಲ್ಲ. ಅವನು ‘ಇನ್ನೊಂದು ಕೊಡು’ ಎಂದು ಗೋಗರೆಯುತ್ತಾನೆ. ಕರುಣೆಯಿಂದ ಇನ್ನೊಂದು ಕೊಟ್ಟರೆ, ಆಮೇಲೆ ಮೈ ಬೆಚ್ಚಗಾದಾಗ ಎರಡೂ ಒಟ್ಟಿಗೇ ಏರಿ ಉಸಿರು ನಿಲ್ಲಿಸುತ್ತವೆ. ಅದಕ್ಕೇ ಕೊಟ್ಟ ಕೂಡಲೇ ಹಣೆಯ ಮೇಲೆ ಗುರುತು ಹಾಕಿ, ಹೊತ್ತು ಬರೆ ಅಂತ ನಮಗೆ ಕಲಿಸಿದ್ದರು. ಗುಂಡಿನ ಮಳೆಯಲ್ಲಿ ಈ ಲೆಕ್ಕವನ್ನೂ ತಲೆಯಲ್ಲಿ ಇಟ್ಟುಕೊಳ್ಳಬೇಕು. ಯಾರಿಗೆ ಕೊಟ್ಟೆ, ಯಾರಿಗೆ ಇಲ್ಲ, ಎಷ್ಟು ಉಳಿದಿದೆ.

ನವೆಂಬರ್ 18, ಭಾನುವಾರ. ರಾತ್ರಿ ಹಿಮ ಬಿದ್ದಿತ್ತು. ಇನ್ನೂ ಕತ್ತಲು ಇರುವಾಗಲೇ ಚೀನೀ ಪಡೆ ಬೆಟ್ಟದ ಕೊರಕಲುಗಳಲ್ಲಿ ಸದ್ದಿಲ್ಲದೆ ಹತ್ತಿಬಂತು. ನಮ್ಮವರು ಗುರಿಯ ಅಳತೆಗೆ ಬರುವವರೆಗೂ ಕಾದು ಹೊಡೆದರು. ಕೊರಕಲುಗಳು ಹೆಣಗಳಿಂದ ತುಂಬಿದವು, ಮೊದಲ ಅಲೆ ಮುರಿದುಬಿತ್ತು. ಆಮೇಲೆ ಶುರುವಾಯಿತು ಶೆಲ್ಲಿನ ಸುರಿಮಳೆ. ಆ ಕಲ್ಲುನೆಲದಲ್ಲಿ ಆಳವಾಗಿ ಅಗೆಯಲು ಆಗುವುದಿಲ್ಲ. ಕಲ್ಲು ಪೇರಿಸಿ ಗೋಡೆ ಕಟ್ಟಿಕೊಂಡಿರುತ್ತಾರೆ. ಶೆಲ್ ಬಿದ್ದಾಗ ಆ ಗೋಡೆಯ ಕಲ್ಲುಗಳೇ ಚೂರಾಗಿ ಮೈಗೆ ನಾಟುತ್ತವೆ. ಕಂಪೌಂಡರನ ನಿಜವಾದ ಕೆಲಸ ಆರಂಭವಾಗುವುದು ಆಗ.

ಆ ಕೆಲಸ ಹೇಗಿರುತ್ತದೆ ಎಂದು ಹೇಳುತ್ತೇನೆ. ಬಂದೂಕು ಹಿಡಿದವನು ಕಲ್ಲಿನ ಹಿಂದೆ ನಿಂತು ಶತ್ರುವನ್ನು ನೋಡುತ್ತಿರುತ್ತಾನೆ. ಕಂಪೌಂಡರ್ ಒಂದು ಮೋರ್ಚೆಯಿಂದ ಇನ್ನೊಂದಕ್ಕೆ ಬಯಲಲ್ಲಿ ತೆವಳಬೇಕು. ಅಷ್ಟು ಎತ್ತರದಲ್ಲಿ ಹತ್ತು ಹೆಜ್ಜೆ ಓಡಿದರೆ ಎದೆ ಒಡೆದುಹೋಗುವ ಹಾಗೆ ಉಸಿರು ಕಟ್ಟುತ್ತದೆ. ತಲುಪಿದ ಮೇಲೆ ಶತ್ರುವಿಗೆ ಬೆನ್ನು ಹಾಕಿ ಮಂಡಿಯೂರಬೇಕು, ಯಾಕೆಂದರೆ ಗಾಯಾಳು ಮಲಗಿರುವುದು ಕೆಳಗೆ, ನೋಡಬೇಕಾದದ್ದು ಅವನನ್ನು. ಆ ಹೊತ್ತಿನಲ್ಲಿ ಬೆನ್ನ ಹಿಂದೆ ಏನು ನಡೆಯುತ್ತಿದೆ ಎಂದು ತಿರುಗಿ ನೋಡಿದರೆ ಕೈ ತಪ್ಪುತ್ತದೆ. ನಾನು ಯುದ್ಧ ಕಂಡವನಲ್ಲ. ಆದರೆ ಹಿಮಕುಸಿತದ ಜಾಗದಲ್ಲಿ ಇನ್ನೊಂದು ಕುಸಿತ ಬರಬಹುದು ಎಂದು ಗೊತ್ತಿದ್ದೂ ತಲೆ ತಗ್ಗಿಸಿ ಒಬ್ಬನ ಕಾಲಿಗೆ ಪಟ್ಟಿ ಸುತ್ತಿದ್ದೇನೆ. ಆಗ ಇಡೀ ಬೆನ್ನು ಕಿವಿಯಾಗಿರುತ್ತದೆ. ಗುಂಡಿನ ನಡುವೆ ಅದು ಎಷ್ಟು ಪಟ್ಟು ಇದ್ದೀತು!

ಜಿನೀವಾ ಒಪ್ಪಂದದ ಪ್ರಕಾರ ವೈದ್ಯ ಸಿಬ್ಬಂದಿಯ ಮೇಲೆ ಗುರಿಯಿಟ್ಟು ಹೊಡೆಯಬಾರದು. 1949ರ ಒಪ್ಪಂದಗಳಿಗೆ ಭಾರತವೂ ಚೀನಾವೂ ಸಹಿ ಹಾಕಿವೆ. ಕತ್ತಲಲ್ಲಿ, ಹಿಮದ ಧೂಳಿನಲ್ಲಿ, ಕೈಕೈ ಮಿಲಾಯಿಸುವ ಕಾದಾಟದಲ್ಲಿ ತೋಳಿನ ಪಟ್ಟಿಯನ್ನು ಯಾರು ನೋಡುತ್ತಾರೆ?

ಗಾಯಗೊಂಡವರನ್ನು ಹಿಂದಕ್ಕೆ ಸಾಗಿಸುವ ಮಾತೂ ಇರಲಿಲ್ಲ. ಬೇರೆ ಕಡೆ ಕಂಪೌಂಡರ್ ಪಟ್ಟಿ ಕಟ್ಟಿದರೆ ಸ್ಟ್ರೆಚರಿನವರು ಹೊತ್ತು ಡಾಕ್ಟರ ಬಳಿ ಒಯ್ಯುತ್ತಾರೆ. ರೆಜಾಂಗ್ ಲಾದಲ್ಲಿ ಕಟ್ಟಿದ ಪಟ್ಟಿಯೇ ಕೊನೆಯ ಚಿಕಿತ್ಸೆ. ಬೆಳಕು ಹರಿದ ಮೇಲೆ ಚೀನೀಯರು ಬಳಸಿಕೊಂಡು ಹಿಂದಿನಿಂದಲೂ ಬಂದರು. ಮಾರ್ಟರ್ ವಿಭಾಗದ ನಾಯಕ್ ರಾಮ್‌ಕುಮಾರ್ ಮೈತುಂಬ ಗಾಯವಾದರೂ ಹೊಡೆಯುತ್ತಲೇ ಇದ್ದ. ಗುಂಡು ಮುಗಿದವರು ಸಂಗೀನು ಹಿಡಿದರು. ಲಾನ್ಸ್ ನಾಯಕ್ ಸಿಂಗ್ ರಾಮ್ ಬರಿಗೈಯಲ್ಲೇ ಹೊಡೆದಾಡಿದ, ಒಳ್ಳೆಯ ಪೈಲ್ವಾನ. ಮೇಜರ್ ಶೈತಾನ್ ಸಿಂಗ್ ಒಂದು ಮೋರ್ಚೆಯಿಂದ ಇನ್ನೊಂದಕ್ಕೆ ಓಡಾಡುತ್ತ ಹುರಿದುಂಬಿಸುತ್ತಿದ್ದರು. ತೋಳಿಗೆ ಏಟು ಬಿತ್ತು, ಆಮೇಲೆ ಹೊಟ್ಟೆಗೆ. ಎಳೆದುಕೊಂಡು ಹೋಗುತ್ತಿದ್ದವರಿಗೆ, ನನ್ನನ್ನು ಇಲ್ಲೇ ಬಿಟ್ಟು ನೀವು ಹೋಗಿ ಎಂದು ಅಪ್ಪಣೆ ಮಾಡಿದರು. ಒಂದು ಬಂಡೆಗೆ ಒರಗಿಸಿ, ಅಳುತ್ತಲೇ ಬಿಟ್ಟು ಬಂದರು ಅವರು.

ಬದುಕುಳಿದವರು ಬೆರಳೆಣಿಕೆಯಷ್ಟು. ಅವರು ಕೆಳಗೆ ಬಂದು ನಡೆದದ್ದನ್ನು ಹೇಳಿದಾಗ ಎಲ್ಲರೂ ನಂಬಲಿಲ್ಲ. ಒಂದು ಕಂಪನಿಗೆ ಕಂಪನಿಯೇ ಕೊನೆಯ ಗುಂಡಿನವರೆಗೆ ಹೋರಾಡಿತೆಂದರೆ ಹೇಗೆ ನಂಬುವುದು ಎಂಬ ಅನುಮಾನ. ಓಡಿಹೋಗಿರಬೇಕು, ಸೆರೆಯಾಗಿರಬೇಕು ಎಂದು ಆಡಿಕೊಂಡವರೂ ಇದ್ದರು. ನವೆಂಬರ್ 21ಕ್ಕೆ ಚೀನಾ ತಾನಾಗಿಯೇ ಕದನ ನಿಲ್ಲಿಸಿತು. ರೆಜಾಂಗ್ ಲಾ ಮೇಲೆ ಚಳಿಗಾಲ ಕವಿಯಿತು. ಆ ಮೂರು ತಿಂಗಳು ಊರುಗಳಲ್ಲಿ ತಾಯಂದಿರು, ಹೆಂಡಂದಿರು ಏನೆಂದು ಕಾದರೋ. ಸುಬೇದಾರರು ಇಲ್ಲಿ ಸ್ವಲ್ಪ ಹೊತ್ತು ಮಾತು ನಿಲ್ಲಿಸಿದ್ದರು. ಅವರ ಊರಿನ ಪಕ್ಕದ ಊರಿನಲ್ಲೇ ಅಂಥ ಮನೆಗಳಿದ್ದವು.

1963ರ ಫೆಬ್ರವರಿ. ಬೆಟ್ಟದ ಕಡೆ ಹೋದ ಒಬ್ಬ ಲಡಾಖಿ ಕುರಿಗಾಹಿ ಮೊದಲು ಕಂಡ. ಆಮೇಲೆ ಶೋಧದ ತಂಡ ಹತ್ತಿತು. ಚಳಿ ಎಲ್ಲರನ್ನೂ ಇದ್ದ ಹಾಗೇ ಇಟ್ಟಿತ್ತು. ಕುಸಿದ ಮೋರ್ಚೆಗಳಲ್ಲಿ, ಕಲ್ಲುಗೋಡೆಗೆ ಒರಗಿ, ರೈಫಲಿನ ಕುದುರೆಯ ಮೇಲೆ ಬೆರಳಿಟ್ಟುಕೊಂಡೇ ಹೆಪ್ಪುಗಟ್ಟಿದ್ದರು. ಮಾರ್ಟರಿನ ಬಳಿ ಇದ್ದವನ ಕೈಯಲ್ಲಿ ಬಾಂಬು ಹಾಗೇ ಇತ್ತು. ಮೇಜರ್ ಸಾಹೇಬರು ಒರಗಿಸಿದ ಬಂಡೆಯ ಬಳಿಯೇ ಸಿಕ್ಕರು. ಧರಂಪಾಲ್ ಸಿಕ್ಕಾಗ ಕೈಯಲ್ಲಿ ಸಿರಿಂಜು ಇತ್ತು, ಪಟ್ಟಿಯ ಸುರುಳಿ ಇತ್ತು.

ಅದನ್ನು ಹೇಳಿದಾಗ ನಮ್ಮಲ್ಲಿ ಒಬ್ಬ ಹುಡುಗ, ಕೇರಳದವನು, ಎದ್ದು ಹೋಗಿ ತನ್ನ ಚೀಲ ಬಿಚ್ಚಿ ಎಣಿಸತೊಡಗಿದ. ಯಾರೂ ನಗಲಿಲ್ಲ. ಒಬ್ಬೊಬ್ಬರಾಗಿ ನಾವೂ ಹೋಗಿ ಎಣಿಸಿದೆವು. ಶೆಲ್ ಡ್ರೆಸಿಂಗ್ ಇಷ್ಟು, ಟೂರ್ನಿಕೇ ಇಷ್ಟು, ಸೂಜಿ ಇಷ್ಟು.

ಸಿಕ್ಕ ಜವಾನರಿಗೆಲ್ಲ ಬೆಟ್ಟದ ಕೆಳಗೆ, ಬ್ರಿಗೇಡಿಯರ್ ಟಿ.ಎನ್. ರೈನಾ ಅವರ ಸಮ್ಮುಖದಲ್ಲಿ ಸೇನಾ ಗೌರವದೊಂದಿಗೆ ಒಟ್ಟಿಗೇ ಅಗ್ನಿಸಂಸ್ಕಾರ ಆಯಿತು. ಮುಂದೆ ಸೇನಾ ಮುಖ್ಯಸ್ಥರಾದ ರೈನಾ ಅವರೇ ಆಗ ಚುಶೂಲಿನ ಬ್ರಿಗೇಡ್ ಕಮಾಂಡರ್. ಶೈತಾನ್ ಸಿಂಗ್ ಅವರ ದೇಹವನ್ನು ಜೋಧಪುರಕ್ಕೆ ಒಯ್ದರು. ಚುಶೂಲಿನ ಸ್ಮಾರಕ ಹೇಳುವ ಲೆಕ್ಕ 114. ನಾನು ಅಲ್ಲಿಗೆ ಹೋದದ್ದು ಬುಖಾರಿಯ ಮುಂದೆ ಈ ಕಥೆ ಕೇಳಿದ ಚಳಿಗಾಲ ಕಳೆದ ಮೇಲೆ, ಔಷಧದ ಪೆಟ್ಟಿಗೆ ಸಾಗಿಸುವ ಲಾರಿಯಲ್ಲಿ. ಡ್ರೈವರು ಎರಡೇ ನಿಮಿಷ ನಿಲ್ಲಿಸಿದ. ಗಾಳಿಗೆ ನಿಲ್ಲಲು ಆಗುತ್ತಿರಲಿಲ್ಲ. ದೂರಕ್ಕೆ ರೆಜಾಂಗ್ ಲಾ ಬೆಟ್ಟ ತೋರಿಸಿದ. ಒಂದು ಹುಲ್ಲುಕಡ್ಡಿ ಇಲ್ಲದ ಕಂದುಬಣ್ಣದ ಬೆಟ್ಟ. ಅಲ್ಲಿಂದ ಒಬ್ಬ ಗಾಯಾಳುವನ್ನು ಹೊತ್ತು ಇಳಿಸುವುದಿದ್ದರೆ ಎಷ್ಟು ಜನ ಬೇಕು, ಎಲ್ಲೆಲ್ಲಿ ಹೆಗಲು ಬದಲಿಸಬೇಕು ಎಂದು ನನ್ನ ಕಣ್ಣು ತಾನಾಗಿಯೇ ಅಳೆಯುತ್ತಿತ್ತು. ವೃತ್ತಿಯ ಅಭ್ಯಾಸ ಅದು, ಬಿಡುವುದಿಲ್ಲ.

ಕಂಪನಿಗೆ ಒಂದು ಪರಮವೀರ ಚಕ್ರ, ಎಂಟು ವೀರ ಚಕ್ರ ಬಂದವು. ಒಂದೇ ಕಾಳಗದಲ್ಲಿ ಒಂದೇ ಕಂಪನಿಗೆ ಇಷ್ಟು ಪದಕ ಸಿಕ್ಕದ್ದು ತೀರಾ ಅಪರೂಪ. ಜಮಾದಾರ್ ಹರಿ ರಾಮ್, ಸೂರಜಾ ರಾಮ್, ರಾಮಚಂದರ್, ಹುಕುಂ ಚಂದ್, ಗುಲಾಬ್ ಸಿಂಗ್, ರಾಮ್‌ಕುಮಾರ್, ಸಿಂಗ್ ರಾಮ್. ಏಳೂ ಜನ ಹೊಡೆದಾಡಿದ್ದಕ್ಕೆ ಪಡೆದವರು. ಎಂಟನೆಯವನು ಧರಂಪಾಲ್. ಯಾರನ್ನೂ ಕೊಂದದ್ದಕ್ಕಲ್ಲ, ಕೊನೆಯವರೆಗೂ ಗಾಯ ಕಟ್ಟಿದ್ದಕ್ಕೆ. ಆ ಪಟ್ಟಿಯಲ್ಲಿ ಅವನ ಹೆಸರು ಇದೆ ಎಂಬುದು ಮೆಡಿಕಲ್ ಕೋರಿನ ಸಾಮಾನ್ಯ ಸಿಪಾಯಿಯಾಗಿದ್ದ ನನಗೆ ಎಷ್ಟು ದೊಡ್ಡದಾಗಿ ಕಂಡಿತು ಎಂದು ಹೇಳಲು ಮಾತು ಸಾಲದು. ಆದರೂ ನನಗೊಂದು ಕೊರಗು. ರೆಜಾಂಗ್ ಲಾ ಕಥೆ ಹೇಳುವಾಗ ಭಾಷಣಗಳಲ್ಲಿ ಎಷ್ಟು ಶತ್ರುಗಳನ್ನು ಕೆಡವಿದರು ಎಂಬ ಲೆಕ್ಕವೇ ಮೊದಲು ಬರುತ್ತದೆ. ಮುರಿದ ಮೋರ್ಚೆಗಳ ನಡುವೆ ತೆವಳುತ್ತ ಎಷ್ಟು ಜನರ ರಕ್ತ ನಿಲ್ಲಿಸಿದ, ಎಷ್ಟು ಜನ ಆ ಪಟ್ಟಿ ಕಟ್ಟಿಸಿಕೊಂಡು ಮತ್ತೆ ರೈಫಲು ಎತ್ತಿದರು ಎಂದು ಯಾರೂ ಕೇಳುವುದಿಲ್ಲ.

ನಿವೃತ್ತನಾಗಿ ಊರಿಗೆ ಬಂದ ಮೇಲೆ ಹೈಸ್ಕೂಲಿನವರು ಆಗಾಗ ಕರೆಯುತ್ತಾರೆ, ಮಿಲಿಟ್ರಿಯ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದು. ನಾನು ಹೇಳುವುದು ಇದೊಂದೇ ಕಥೆ. ಗಂಡುಹುಡುಗರು ಬಂದೂಕಿನ ಬಗ್ಗೆ ಕೇಳುತ್ತಾರೆ, ಚೀನೀಯರ ಬಗ್ಗೆ ಕೇಳುತ್ತಾರೆ. ಒಮ್ಮೆ ಎಂಟನೇ ಇಯತ್ತೆಯ ಒಬ್ಬ ಹುಡುಗಿ ಕೈಯೆತ್ತಿ ಕೇಳಿದಳು, “ಅಜ್ಜಾರ, ಅವ್ರು ಪಟ್ಟಿ ಕಟ್ಟಾಕ ಹತ್ತಿದ್ರಲ್ಲ, ಆ ಮನಷಾ ಅಷ್ಟೊತ್ತಿಗೆ ಜೀವಂತ ಇದ್ನಾ, ಸತ್ತಿದ್ನಾ?”

ಅಷ್ಟು ವರ್ಷಗಳಲ್ಲಿ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಆದರೆ ಉತ್ತರ ಹುಡುಕಬೇಕಾಗಲಿಲ್ಲ.

“ಕೈಯಾಗ ಸಿರಿಂಜ್ ಇತ್ತಲ್ಲವಾ,” ಅಂದೆ. “ಸತ್ತವ್ರಿಗೆ ಸೂಜಿ ಮಾಡಂಗಿಲ್ಲ. ಜೀವ ಇತ್ತು.”